ಎಡಪಕ್ಕೆಯ ಕರಡಿಗೆ

ನನ್ನ ಗಂಡ ಗುರುಲಿಂಗಯ್ಯ ಭಾರಿ ಒಳ್ಳೆಯ ಮನುಷ್ಯ, ಆದರೆ ಹಟಕ್ಕೆ ಬಿದ್ದರೆ ಶಹಾಬಾದಿನ ಬಂಡೆ. ಅವರಿಗೆ ಹುಟ್ಟಿನಿಂದಲೇ ಗೋಶೆ ಎಂಬ ಅಪರೂಪದ ಕಾಯಿಲೆ. ಸೋದರ ಸಂಬಂಧದಲ್ಲಿ ಮದುವೆಯಾದ ಅಪ್ಪ-ಅವ್ವನಿಂದ ಬಂದದ್ದು. ಒಂದು ಬಗೆಯ ಕೊಬ್ಬು ಕರಗದೆ ಗುಲ್ಮದಲ್ಲಿ ತುಂಬಿಕೊಂಡು ಹೊಟ್ಟೆ ಉಬ್ಬಿಸುತ್ತದೆ. ಇಂಥವರಿಗೆ ಕಿಡ್ನಿ ಕ್ಯಾನ್ಸರಿನ ಭಯ ತುಸು ಹೆಚ್ಚೆಂದು ಡಾಕ್ಟರು ಹೇಳಿದ್ದರಿಂದ ಪ್ರತಿವರ್ಷ ಸೇಡಂನಿಂದ ವಾಡಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸುತ್ತಿದ್ದರು. ಬಂದವರೇ "ಎಲ್ಲಾ ಚಲೋ ಅದ" ಎನ್ನುತ್ತಿದ್ದರು. ನಾನು ನಂಬುತ್ತಿದ್ದೆ.

ಈ ಸಲ ನಾನೂ ಹೊರಟೆ. ರೈಲು ಚಿತ್ತಾಪುರ ದಾಟುವವರೆಗೂ ಮುಖ ಊದಿಸಿಕೊಂಡೇ ಕೂತಿದ್ದರು. ಯಾಕೆಂದು ಸ್ಕ್ಯಾನಿಂಗ್ ಕೋಣೆಯೊಳಗೆ ಹೋದ ಮೇಲೆ ತಿಳಿಯಿತು. ಸ್ಕ್ಯಾನಿಂಗ್ ಮಾಡುವ ಅಬ್ದುಲ್ ಕರೀಮ್ ಬಲಗಡೆ ನೋಡಿದ, ಹೊಟ್ಟೆ ನೋಡಿದ. ಎಡಪಕ್ಕೆಯಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅದರ ಮೇಲೆ ಇವರ ಕೈ ಗಟ್ಟಿಯಾಗಿ ಕೂತಿತ್ತು. ಕರೀಮ್ ಅಲ್ಲಿಂದಲೇ ಹಿಂದೆ ಸರಿದ.

"ಈ ಕಡಿ ಯಾಕ್ ನೋಡವಲ್ರಿ?" ಎಂದೆ.

"ಅಯ್ಯಾರು ಮುಟ್ಟಗೊಡಂಗಿಲ್ರಿ ಅಕ್ಕಾರ. ಪ್ರತಿವರ್ಷ ಹಿಂಗೇ. ಕಂಡಷ್ಟು ನೋಡಾಕತ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಎಡ ಕಿಡ್ನಿಯನ್ನು ಯಾರೂ ಸರಿಯಾಗಿ ನೋಡೇ ಇರಲಿಲ್ಲ.

"ಲಿಂಗ ಮೈಬಿಟ್ಟು ಇಳಸಂಗಿಲ್ಲ," ಎಂದರು ಇವರು, ಕಣ್ಣು ಮುಚ್ಚಿಯೇ.

"ಇಳಸ್ರಿ ಅಂದೋರು ಯಾರು? ದಿನಾ ಮುಂಜಾನಿ ಪೂಜಿಗೆ ಎಲ್ಲಿ ಹಿಡೀತೀರಿ? ಅಂಗೈ ನಿಮ್ಮ ಮೈ ಅಲ್ಲೇನು?"

ಕಣ್ಣು ತೆರೆದರು. ಆಮೇಲೆ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬಲಮಗ್ಗುಲಾಗಿ ಹೊರಳಿ ಕೈಯನ್ನು ಮುಖದೆದುರು ಎತ್ತಿದರು. ಎಡಪಕ್ಕೆ ಖಾಲಿಯಾಯಿತು.

ಕರೀಮನ ಕೈ ಒಂದು ಕಡೆ ನಿಂತೇಬಿಟ್ಟಿತು. "ಹಂಗೇ ಇರ್ರಿ ಅಯ್ಯಾರ, ಅಲ್ಲಾಡಬ್ಯಾಡ್ರಿ." ಪರದೆಯ ಮೇಲೆ ಬಾರೆಹಣ್ಣಿನಷ್ಟು ಗಡ್ಡೆ. ನಾನು ಪರದೆಯ ಹತ್ತಿರಕ್ಕೇ ಬಗ್ಗಿದೆ. ಇವರು ಮಾತ್ರ ಅಂಗೈಯಿಂದ ದೃಷ್ಟಿ ಕೀಳಲಿಲ್ಲ.

ಕಲಬುರಗಿಯ ಡಾಕ್ಟರು ಮತ್ತೆ ಎಲ್ಲ ಪರೀಕ್ಷೆ ಮಾಡಿಸಿದರು. ಕ್ಯಾನ್ಸರೇ ಇರಬೇಕೆಂದರು. "ಆದ್ರ ಸಣ್ಣದದ, ಎಲ್ಲೂ ಹರಡಿಲ್ಲ. ಗಡ್ಡಿ ಅಷ್ಟೇ ತೆಗದು ಕಿಡ್ನಿ ಉಳಸ್ತೀವಿ. ಇನ್ನಷ್ಟು ತಡ ಆಗಿದ್ರ ಭಾಳ ಕಷ್ಟ ಇತ್ತು ನೋಡ್ರಿ." ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಡಾಕ್ಟರ ಕೈ ಹಿಡಿದು ಜಗ್ಗಿದೆ. ಹೊರಗೆ ಬಂದು ಗುರುತಿಲ್ಲದವರಿಗೂ ಹೇಳಿದೆ, "ಸಣ್ಣದದಂತ್ರಿ, ಸಣ್ಣದದಂತ." ಜನ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ.

ಆಪರೇಷನ್ನಿನ ದಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ತಾವೇ ಕಟ್ಟಿಕೊಂಡರು. ಯಾರೂ ಬೇಡ ಎನ್ನಲಿಲ್ಲ. ಕಿಡ್ನಿ ಉಳಿಯಿತು.

ಗಾಯ ಮಾಗಿದ ಮೇಲೆ ಒಂದು ಮುಂಜಾನೆ ಪೂಜೆ ಮುಗಿಸಿ ನನ್ನನ್ನು ಕರೆದರು. ಲಿಂಗ ಇನ್ನೂ ಎಡಗೈಯಲ್ಲೇ ಇತ್ತು. ಬಲಗೈಯಿಂದ ನನ್ನ ಕೈ ಹಿಡಿದು ಎಡಪಕ್ಕೆಯ ಮೇಲೆ ಇಟ್ಟುಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅಲ್ಲಿ ಕೈಯಿಟ್ಟದ್ದು ಅದೇ ಮೊದಲು. ಹೊಲಿಗೆಯ ಗೆರೆ ಬೆರಳಿಗೆ ತಾಕಿತು.

"ಎಲ್ಲಾ ಚಲೋ ಅದ," ಎಂದರು.

"ನಾನೇ ನೋಡ್ತೀನಿ, ತಡೀರಿ," ಎಂದು ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತೆ.