ಅಂಗೈ ಸಂಘದ ಅಧ್ಯಕ್ಷರು

ಬೆಳಗಿನ ರೈಲಿನಲ್ಲಿ ಕುರಾಮೊಚಿಯವರನ್ನು ನೋಡಬೇಕಿತ್ತು. ಕಾಮಾತಾ ನಿಲ್ದಾಣ ದಾಟಿದ ಮೇಲೆ ಆ ಡಬ್ಬಿಯಲ್ಲಿ ಉಸಿರಾಡುವುದಕ್ಕೂ ಪಕ್ಕದವರ ಒಪ್ಪಿಗೆ ಬೇಕು. ಅಂಥ ನೂಕುನುಗ್ಗಲಿನಲ್ಲಿ ಇವರ ಎಡಗೈ ಮೇಲಿನ ಹಿಡಿಕೆಯಲ್ಲಿ, ಬಲಗೈ ಎದೆಯ ಹತ್ತಿರ, ಅಂಗೈಯೊಳಗೆ ಒಂದು ಪುಟ್ಟ ಫೋನು. ಹೆಬ್ಬೆರಳು ನಾಲ್ಕು ಮೂಲೆಗೂ ಸಲೀಸಾಗಿ ಓಡಾಡುತ್ತಿತ್ತು. ಸುತ್ತಲಿನವರೋ ತರಕಾರಿ ಹೆಚ್ಚುವ ಮಣೆಯಂಥ ಫೋನುಗಳನ್ನು ಎರಡೂ ಕೈಯಲ್ಲಿ ಹಿಡಿದು, ಹಿಡಿಕೆಗೆ ಕೈ ಸಾಲದೆ, ರೈಲು ತಿರುಗಿದಾಗಲೆಲ್ಲ ಗುರುತಿಲ್ಲದವರ ಬೆನ್ನಿಗೆ ಮೂಗು ಒತ್ತುತ್ತಿದ್ದರು. ಕುರಾಮೊಚಿಯವರು ಅವರನ್ನು ಕರುಣೆಯಿಂದ ನೋಡುತ್ತಿದ್ದರು. ಇನ್ನೊಬ್ಬರ ಮೇಲೆ ಕರುಣೆ ತೋರಿಸುವುದರಲ್ಲಿರುವ ಸುಖ ಬೇರೆ ಯಾವುದರಲ್ಲಿದೆ ಹೇಳಿ.

ಅವರು ಅಂಗೈ ಸಂಘದ ಅಧ್ಯಕ್ಷರು. ಪುಟ್ಟ ಫೋನನ್ನು ಮೆಚ್ಚಿದವರ ಈ ಸಂಘ ತಿಂಗಳಿಗೊಂದು ಭಾನುವಾರ ನಿಲ್ದಾಣದ ಹಿಂದಿನ ಹಳೇ ಕಾಫಿಯಂಗಡಿಯಲ್ಲಿ ಸೇರುತ್ತಿತ್ತು. ಹಲ್ಲಿನ ಡಾಕ್ಟರು ಒಕಿತ್ಸು, ಶಾಲೆಯಿಂದ ನಿವೃತ್ತರಾದ ಹತ್ತಾ ಮೇಡಂ, ಅವರ ಹಾಗೇ ಇನ್ನೊಂದಷ್ಟು ಜನ. ಬಂದವರೆಲ್ಲ ತಮ್ಮ ಫೋನನ್ನು ಮೇಜಿನ ನಡುವೆ ಸಾಲಾಗಿ ಇಡಬೇಕು, ಅದು ಅಲ್ಲಿಯ ಪದ್ಧತಿ. ಆಮೇಲೆ ಕಾಫಿ ತರಿಸಿಕೊಂಡು ಲೋಕವನ್ನು ಬಯ್ಯುವುದು. ಮನುಷ್ಯನ ಕೈ ಅಷ್ಟೇ ಇರುವಾಗ ಫೋನು ಮಾತ್ರ ಯಾಕೆ ಬೆಳೆಯಬೇಕು? ಅಂಗಿಯ ಜೇಬಿಗೆ ಹಿಡಿಸದ್ದು ಫೋನೋ ಬಾಗಿಲೋ? ಹೀಗೆ ಬಯ್ದು ಬಯ್ದು ಹಗುರಾಗಿ ಮನೆಗೆ ಹೋಗುತ್ತಿದ್ದರು.

ಆದರೆ ಅಧ್ಯಕ್ಷರ ಹೊಟ್ಟೆಯಲ್ಲೊಂದು ಗುಟ್ಟಿತ್ತು. ಐವತ್ತು ದಾಟಿದ ಮೇಲೆ ಆ ಪುಟ್ಟ ಪರದೆಯ ಅಕ್ಷರಗಳು ಸಾಸಿವೆಯಾದವು, ಆಮೇಲೆ ಧೂಳಾದವು. ಬ್ಯಾಟರಿಯಂತೂ ಮಧ್ಯಾಹ್ನದ ಊಟದ ಹೊತ್ತಿಗೇ ಕಣ್ಣು ಮುಚ್ಚುತ್ತಿತ್ತು. ಕನ್ನಡಕ ಹಾಕಿಕೊಳ್ಳೋಣವೆಂದರೆ ವಯಸ್ಸಾಯಿತೆಂದು ಊರಿಗೆಲ್ಲ ಸಾರಿದ ಹಾಗೆ. ಹೀಗಾಗಿ ಗುಟ್ಟಾಗಿ ಒಂದು ದೊಡ್ಡ ಫೋನು ಕೊಂಡು, ಸಿಮ್ಮನ್ನು ಅದಕ್ಕೆ ಹಾಕಿ, ಊಟದ ಡಬ್ಬಿ ಸುತ್ತುವ ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲದ ತಳದಲ್ಲಿಟ್ಟುಕೊಂಡಿದ್ದರು. ಆ ಗಂಟು ಬಿಚ್ಚುತ್ತಿದ್ದದ್ದು ಆಫೀಸಿನ ಶೌಚಾಲಯದಲ್ಲಿ ಮಾತ್ರ. ರೈಲಿನಲ್ಲಿ ಹೆಬ್ಬೆರಳು ಅಷ್ಟು ಗತ್ತಿನಿಂದ ಓಡಾಡುತ್ತಿದ್ದದ್ದು ಯಾರ ಸಂದೇಶವೂ ಬಾರದ ಪರದೆಯ ಮೇಲೆ.

ಇಂಥ ಹೊತ್ತಿನಲ್ಲಿ ಮಗಳು ಮಿಚಿರು ಮೆಚ್ಚಿದ ಹುಡುಗನಾಗಿ ತೊಗಾಶಿ ಆ ಮನೆಗೆ ಬಂದ. ಫೋನು ತಯಾರಿಸುವ ಕಂಪನಿಯಲ್ಲಿ ವಿನ್ಯಾಸದ ಕೆಲಸ. ಭಾವಿ ಮಾವ ಅಂಗೈ ಸಂಘದ ಅಧ್ಯಕ್ಷರೆಂದು ತಿಳಿದಾಗ ಹುಡುಗನ ಮುಖ ಅರಳಿತು. ಮುಂದಿನ ಭಾನುವಾರವೇ ಮರದಲ್ಲಿ ಕೆತ್ತಿಸಿದ ಒಂದು ಪುಟ್ಟ ಮಾದರಿಯನ್ನು ಹಿಡಿದು ಕಾಫಿಯಂಗಡಿಗೆ ಬಂದ. ಅದು ಕೈಯಿಂದ ಕೈಗೆ ಹೋಯಿತು. ಹತ್ತಾ ಮೇಡಂ ಅದನ್ನು ಕೆನ್ನೆಗೆ ಒತ್ತಿಕೊಂಡರು.

"ಇಂಥದ್ದು ಬಂದ್ರೆ ನೀವೆಲ್ಲ ತಗೊಳ್ತೀರಾ?" ಎಂದು ತೊಗಾಶಿ ಕೇಳಿದ. "ತಗೊಳ್ತೀವಿ ಅಂದ್ರೆ ನಾನು ಮೇಲಿನವರ ಹತ್ರ ಪಟ್ಟು ಹಿಡೀತೀನಿ."

ಡಾಕ್ಟರು ಹಲ್ಲಿನ ಸಂದಿಯಿಂದ ಸುಯ್ಯೆಂದು ಗಾಳಿ ಎಳೆದುಕೊಂಡರು. ಹತ್ತಾ ಮೇಡಂ ಕತ್ತು ಓರೆ ಮಾಡಿ, "ಖಂಡಿತಾ ಯೋಚನೆ ಮಾಡ್ತೀವಪ್ಪಾ," ಎಂದರು.

ಆ ಊರಿನಲ್ಲಿ ಹಾಗೆ ಗಾಳಿ ಎಳೆದರೂ, ಹಾಗೆಂದರೂ 'ಆಗದು, ಹೋಗಿ ಬಾ' ಎಂದೇ ಅರ್ಥ. ಮುಖದ ಮೇಲೆ ಇಲ್ಲ ಎನ್ನುವವರು ಅಲ್ಲಿ ಹುಟ್ಟುವುದೇ ಇಲ್ಲ. ತೊಗಾಶಿಯೂ ಅಲ್ಲೇ ಹುಟ್ಟಿ ಬೆಳೆದವನು, ಅವನಿಗೂ ತಿಳಿಯಬೇಕಿತ್ತು. ಆದರೆ ಪ್ರೀತಿಯಲ್ಲಿ ಬಿದ್ದವನ ಕಿವಿಗೆ ಎಲ್ಲವೂ ಹೌದೆಂದೇ ಕೇಳಿಸುತ್ತದೆ. ಆಸೆಯಿಂದ ಭಾವಿ ಮಾವನತ್ತ ನೋಡಿದ. ಆ ಮುಖವನ್ನು ಬಾಡಿಸಲು ಕುರಾಮೊಚಿಯವರಿಗೆ ಮನಸ್ಸು ಬರಲಿಲ್ಲ.

"ಇದೇನು ಕೇಳೋ ಮಾತಾ? ಅಂಗಡಿ ಮುಂದೆ ಸಾಲು ನಿಂತು ತಗೊಳ್ತೀವಿ," ಎಂದುಬಿಟ್ಟರು.

ಹುಡುಗ ಆ ಒಂದು ಮಾತನ್ನು ನಂಬಿ ಮೇಲಿನವರೊಂದಿಗೆ ಜಗಳ ಆಡಿದ, ತನ್ನ ಕುರ್ಚಿಯನ್ನೇ ಪಣಕ್ಕಿಟ್ಟ. ವರ್ಷದ ಮೇಲೆ ಫೋನು ಬಂತು. ಮುದ್ದಾಗಿತ್ತು. ಪತ್ರಿಕೆಗಳು ಹೊಗಳಿದವು, ಸಂಘ ಚಪ್ಪಾಳೆ ತಟ್ಟಿ ಅಭಿನಂದಿಸಿತು. ಕೊಂಡವರು ಮಾತ್ರ ಇಲ್ಲ. ಡಾಕ್ಟರು ಕೊಳ್ಳುತ್ತಾರೆಂದು ಮೇಡಂ, ಮೇಡಂ ಕೊಳ್ಳುತ್ತಾರೆಂದು ಡಾಕ್ಟರು. 'ನನ್ನ ಹಳೇದು ಇನ್ನೂ ಗಟ್ಟಿಮುಟ್ಟಾಗಿದೆಯಲ್ಲ' ಎಂದು ಉಳಿದವರು. ಕುರಾಮೊಚಿಯವರು ಎರಡು ಸಲ ಅಂಗಡಿಯವರೆಗೂ ಹೋದರು. ಹೊಸ ಫೋನು ಅಂಗೈಯಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು, ಹೆಬ್ಬೆರಳು ಕುಣಿಯಿತು, ಆದರೆ ಪರದೆಯಲ್ಲಿ ಒಂದಕ್ಷರವೂ ಕಾಣಲಿಲ್ಲ. ಇಷ್ಟು ದೊಡ್ಡ ಸಂಘದಲ್ಲಿ ನಾನೊಬ್ಬ ಕೊಳ್ಳದಿದ್ದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡು ವಾಪಸಾದರು.

ಆ ದಿನಗಳಲ್ಲಿ ಮನೆಯಲ್ಲೂ ಏನೋ ಸರಿಯಿರಲಿಲ್ಲ. ಹೆಂಡತಿ ಸುಮಿಯೆ ಮೊದಲೆಲ್ಲ ಮಾರುದ್ದದ ಸಂದೇಶ ಕಳಿಸುತ್ತಿದ್ದವಳು, ಈಗ ಯಾವುದಕ್ಕೂ ಬರಿಯ 'ಹ್ಞೂ'. ಅದೂ ತಡವಾಗಿ. ತಮ್ಮ ದೊಡ್ಡ ಫೋನಿನ ಗುಟ್ಟು ಗೊತ್ತಾಗಿ ಮುನಿದಿದ್ದಾಳೇನೋ ಎಂದು ಅವರು ಹೆದರಿಕೊಂಡೇ ಓಡಾಡಿದರು.

ಕೆಲವು ತಿಂಗಳ ಮೇಲೆ, ಸಂಘ ಸೇರಿದ ಒಂದು ಭಾನುವಾರ ತೊಗಾಶಿ ಬಂದ. ಹುಡುಗ ಬರುತ್ತಾನೆಂದು ಸುಮಿಯೆಯೂ ಬಂದು ಮೂಲೆಯಲ್ಲಿ ಕೂತಿದ್ದಳು. ಅವನು ಕೂರಲೇ ಇಲ್ಲ, ನಿಂತಲ್ಲಿಂದಲೇ ಸೊಂಟ ಬಗ್ಗಿಸಿದ.

"ಕ್ಷಮಿಸಬೇಕು. ನೀವೆಲ್ಲ ಅಷ್ಟು ಬೆಂಬಲ ಕೊಟ್ರಿ, ನನ್ನ ವಿನ್ಯಾಸದಲ್ಲೇ ದೋಷ ಇತ್ತು. ನನ್ನನ್ನ ಉತ್ತರದ ಕಾರ್ಖಾನೆಗೆ, ಅನ್ನದ ಕುಕ್ಕರ್ ವಿಭಾಗಕ್ಕೆ ಹಾಕಿದ್ದಾರೆ." ಆಮೇಲೆ ಕುರಾಮೊಚಿಯವರ ಕಡೆ ತಿರುಗಿದ. "ಇಂಥವನಿಗೆ ಮಗಳನ್ನ ಕೊಡೋದು ನಿಮಗೂ ಕಷ್ಟ. ಮದುವೆ ಮಾತು ಏನು ಮಾಡ್ಬೇಕೋ ನೀವೇ ಹೇಳಿ."

ಡಾಕ್ಟರು ಗಾಳಿ ಎಳೆದುಕೊಂಡರು. ಮೇಡಂ ಕತ್ತು ಓರೆ ಮಾಡಿದರು. ಅಧ್ಯಕ್ಷರು ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಪುಟ್ಟ ಫೋನುಗಳನ್ನು ನೋಡುತ್ತಾ, "ನಿಂದೇನೂ ತಪ್ಪಿಲ್ಲಪ್ಪಾ, ಜನಕ್ಕೆ ರುಚಿ ಇಲ್ಲ," ಎಂದರು. ಮದುವೆಯ ಮಾತನ್ನು ಎತ್ತಲೇ ಇಲ್ಲ.

ಅಷ್ಟರಲ್ಲಿ ಕಿವಿ ಕಿತ್ತುಹೋಗುವಂತೆ ಭೂಕಂಪದ ಎಚ್ಚರಿಕೆ ಕೂಗಿತು. ಅದು ಸರ್ಕಾರದ ಕೂಗು, ಫೋನಿನ ಸದ್ದು ಅಡಗಿಸಿದ್ದರೂ ಬಿಡುವುದಿಲ್ಲ. ಅಲ್ಲಿಯ ಜನಕ್ಕೆ ಮಗುವಾಗಿದ್ದಾಗಿನಿಂದ ರೂಢಿ: ಎಲ್ಲರೂ ತಟಕ್ಕನೆ ಮೇಜಿನ ಕೆಳಗೆ ನುಗ್ಗಿದರು.

ಕೂಗುತ್ತಿದ್ದದ್ದು ಮೇಜಿನ ಮೇಲಲ್ಲ, ಕೆಳಗೆ. ಮೇಲಿದ್ದ ಪುಟ್ಟ ಫೋನುಗಳಲ್ಲಿ ಒಂದೂ ಬಾಯಿ ಬಿಡಲಿಲ್ಲ. ಡಾಕ್ಟರ ಔಷಧದ ಪೆಟ್ಟಿಗೆ ಅರಚುತ್ತಿತ್ತು. ಹತ್ತಾ ಮೇಡಂ ಹೆಣಿಗೆಯ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಸದ್ದು ಅಡಗಿಸಲು ನೋಡುತ್ತಿದ್ದರು. ಅಧ್ಯಕ್ಷರ ಊಟದ ಗಂಟಿನಿಂದಲೂ ಅದೇ ಕೂಗು. ಸದ್ದು ನಿಲ್ಲಿಸಲು ಒಬ್ಬೊಬ್ಬರಾಗಿ ಹೊರತೆಗೆಯಲೇಬೇಕಾಯಿತು. ಮೇಜಿನ ಕೆಳಗಿನ ಕತ್ತಲಲ್ಲಿ ತರಕಾರಿ ಮಣೆಗಳು ಒಂದೊಂದಾಗಿ ಬೆಳಗಿದವು. ಸಾಲಿಗೆ ಎರಡೇ ಪದ ಹಿಡಿಸುವಷ್ಟು ದಪ್ಪ ಅಕ್ಷರ ಎಲ್ಲರದರಲ್ಲೂ.

ನೆಲ ಒಮ್ಮೆ ಸಣ್ಣಗೆ ನಡುಗಿ ಸುಮ್ಮನಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಒಬ್ರಾದ್ರೂ ಇಲ್ಲ ಅಂದಿದ್ರೆ," ಎಂದ ತೊಗಾಶಿ, ಮಂಡಿಯೂರಿದ್ದಲ್ಲಿಂದಲೇ, ಮೆಲ್ಲಗೆ. "ಯಾಕೆ ಇಲ್ಲ ಅಂತ ಕೇಳ್ತಿದ್ದೆ. ಅಕ್ಷರ ದೊಡ್ಡದು ಮಾಡ್ತಿದ್ದೆ." ಅಷ್ಟು ಹೇಳಿ, ಆ ಗಳಿಗೆಯಲ್ಲೂ ಮರ್ಯಾದೆ ಬಿಡಲಾರದೆ ತಲೆ ಬಾಗಿಸಿದ. ಎತ್ತುವಾಗ ಮೇಜಿಗೆ ಢಣ್ಣೆಂದು ತಲೆ ಬಡಿಯಿತು.

ಮೂಲೆಯಲ್ಲಿ ಇನ್ನೂ ಒಂದು ಫೋನು ಕೂಗುತ್ತಲೇ ಇತ್ತು. ಸುಮಿಯೆ ಅದನ್ನು ಕಣ್ಣಿನಿಂದ ದೂರ ಹಿಡಿದು, ಹತ್ತಿರ ಹಿಡಿದು, ನಿಲ್ಲಿಸುವ ಗುಂಡಿ ಕಾಣದೆ ಪರದಾಡುತ್ತಿದ್ದಳು. ಪುಟ್ಟದು. ಹೊಚ್ಚಹೊಸದು. ತೊಗಾಶಿಯದೇ.

"ಏನು ನೋಡ್ತೀರಿ?" ಎಂದಳು ಗಂಡನಿಗೆ. "ನಾಳೆ ನಮ್ಮ ಮನೆ ಮಗ ಆಗೋನು ಮಾಡಿದ್ದು. ಯಾರಾದ್ರೂ ತಗೋಬೇಕಲ್ಲ. ಸಂದೇಶ ಓದೋಕೇ ಅರ್ಧ ದಿನ ಬೇಕು, ಏನು ಬರೀಲಿ? ಹ್ಞೂ ಅಂತ ಒತ್ತಿ ಕಳಿಸ್ತಿದ್ದೆ."

ಕುರಾಮೊಚಿಯವರಿಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಭೂಕಂಪ ಆಗಲೇ ಮುಗಿದುಹೋಗಿತ್ತು.

ತೊಗಾಶಿ ಉತ್ತರಕ್ಕೆ ಕಾಯದೆ ಹೊರಟುಹೋದ. ವಾಪಸಾಗುವ ರೈಲಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ನಿಂತಿದ್ದರು. ಸುಮಿಯೆಯ ಕೈಯಲ್ಲಿ ಫೋನು ಸಣ್ಣಗೆ ನಡುಗಿತು. ಕುರಾಮೊಚಿಯವರು ತಮ್ಮ ದೊಡ್ಡದನ್ನು ಎಲ್ಲರೆದುರೇ ಗಂಟಿನಿಂದ ಬಿಚ್ಚಿ ಅವಳ ಕೈಗೆ ಕೊಟ್ಟು, ಆ ಪುಟ್ಟದನ್ನು ಈಸಿಕೊಂಡರು. ಎಷ್ಟು ಚೆನ್ನಾಗಿ ಕೂತಿತು ಅಂಗೈಯಲ್ಲಿ! ಎಂಥ ಕೈಗೆಲಸ ಹುಡುಗನದು!

"ತೊಗಾಶಿ ಏನೋ ಬರೆದಿದಾನೆ," ಎಂದಳು ಸುಮಿಯೆ. "ಕಾಣಿಸ್ತಾ?"

ಅವರು ಅಭ್ಯಾಸದಂತೆ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು. ಕತ್ತು ಅರ್ಧ ಓರೆಯಾಯಿತು. ಅಲ್ಲಿಗೇ ನಿಲ್ಲಿಸಿದರು.

"ಇಲ್ಲ," ಎಂದರು.

ಸುಮಿಯೆ ಗಂಡನಿಗೆಂದು ಎಂದೋ ಕೊಂಡಿಟ್ಟಿದ್ದ ಕನ್ನಡಕವನ್ನು ಚೀಲದಿಂದ ತೆಗೆದು ಅವರ ಕಿವಿಗೆ ಸಿಕ್ಕಿಸಿದಳು. ರೈಲಿನವರೆಲ್ಲ ನೋಡುತ್ತಿದ್ದರು, ನೋಡಲಿ. 'ಮದುವೆಯ ಮಾತಿನಿಂದ ನಾನು ಹಿಂದೆ ಸರಿಯಬೇಕೆಂದು ನಿಮ್ಮ ಮನಸ್ಸಿನಲ್ಲಿದೆಯೇ? ದಯವಿಟ್ಟು ನೇರವಾಗಿ ಹೇಳಿ' ಎಂದಿತ್ತು.

ಕುರಾಮೊಚಿಯವರು ಎಡಗೈಯಲ್ಲಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಬಲಗೈಯ ಹೆಬ್ಬೆರಳೊಂದರಲ್ಲೇ ಅದೇ ಮಾತನ್ನು ಮತ್ತೆ ಬರೆದರು: ಇಲ್ಲ.