ಬಿಡಿ ಸ್ವರ

ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡು ಅಂದರೆ ಬೆರಳುದ್ದದ ತೆಳ್ಳನೆಯ ಜೊಂಡಿನ ಸೀಳು. ದಿನಾ ಊದುವವರು ಹದಿನೈದು ದಿನಕ್ಕೊಂದು ಬದಲಾಯಿಸುತ್ತಾರೆ. ಪೀಪಣ್ಣ ಮೂರು ತಿಂಗಳಿಂದ ಒಂದನ್ನೇ ಎಳೆದಾಡುತ್ತಿದ್ದ. ತುದಿ ಸೀಳಿದಾಗಲೆಲ್ಲ ಉಗುರು ಕತ್ತರಿಯಿಂದ ಕತ್ತರಿಸಿ, ಉಪ್ಪುಕಾಗದದಲ್ಲಿ ತಿಕ್ಕಿ ಮತ್ತೆ ಕಟ್ಟುತ್ತಿದ್ದ.

"ಇನ್ನೆಷ್ಟು ಕೆರೀತೀರಾ? ಆಗ್ಲೇ ಹಲ್ಲುಕಡ್ಡಿ ಆಗೋಗಿದೆ," ಎಂದಳು ಹೆಂಡತಿ.

"ಇವತ್ತು ಹೋಟೆಲಿನೋರು ಕರೆದಿದಾರಲ್ಲ. ಬರ್ತಾ ಹೊಸದು ತರ್ತೀನಿ ಬಿಡು."

ಗೋಡೆಯ ಮೊಳೆಗಳಲ್ಲಿ ಐದು ಕೋಟು ನೇತಾಡುತ್ತಿದ್ದವು. ಮದುವೆ ಬ್ಯಾಂಡಿನದು ಕೆಂಪು, ನಾಟಕ ಕಂಪನಿಯದು ಕಪ್ಪು, ಡಾನ್ಸ್ ಪಾರ್ಟಿಯದು ಮಿರಿಮಿರಿ ಮಿಂಚುವುದು, ಶವಯಾತ್ರೆಯದು ಬೂದು, ಹೋಟೆಲಿನ ಜಾಝ್ ತಂಡದ್ದು ಬಿಳಿ. ಯಾರ ಸಂಬಳದ ಆಳೂ ಆಗದೆ ಇಪ್ಪತ್ತೆಂಟು ವರ್ಷ ಹೀಗೇ ಕೋಟು ಬದಲಾಯಿಸಿಕೊಂಡು ಸಂಸಾರ ತೂಗಿಸಿದ್ದ. ಈಗ ನಾಲ್ಕಕ್ಕೆ ಧೂಳು ಹಿಡಿದಿತ್ತು. ಉಳಿದದ್ದು ಬಿಳಿಯದೊಂದೇ.

ಧೂಳು ಹಿಡಿಸಿಕೊಂಡದ್ದು ಅವನೇ, ಕೈಯಾರೆ. ಹೋದ ವರ್ಷ ರೆಕಾರ್ಡಿಂಗ್ ಸ್ಟುಡಿಯೋ ಸಾಹುಕಾರ ಹೇಳಿ ಕಳಿಸಿದ್ದ.

"ಹಾಡೂ ಇಲ್ಲ ಗೀಡೂ ಇಲ್ಲ ಪೀಪಣ್ಣ. ಬಿಡಿ ಸ್ವರ ಊದಿದ್ರೆ ಸಾಕು. ಒಂದೊಂದನ್ನೂ ಮೆತ್ತಗೊಂದ್ಸಲ, ಜೋರಾಗೊಂದ್ಸಲ. ಮೂರೇ ದಿನ."

"ಅದನ್ನಿಟ್ಕೊಂಡು ಏನ್ಮಾಡ್ತೀರಿ ಸಾರ್?"

"ಮೈಕ್ ಪರೀಕ್ಷೆಗೆ."

ಎರಡು ದಿನ ಊದಿದ. ಮೂರನೆಯ ದಿನ ಅವನಿಗೇ ನಾಚಿಕೆಯಾಯಿತು. ಒಳ್ಳೆ ಬಡಗಿಯನ್ನು ಕರೆಸಿ ಮೊಳೆ ಎಣಿಸು ಅಂದ ಹಾಗಿತ್ತು. ತಾನು ಏನೆಂದು ಇವರಿಗೆ ಗೊತ್ತಾಗಬೇಡವೇ? "ತಾಳಿ ಸಾರ್, ಇದನ್ನೂ ಹಿಡ್ಕೊಳ್ಳಿ," ಎಂದು ಯಾರೂ ಕೇಳದಿದ್ದರೂ ತನ್ನ ಜಾರು ಊದಿದ. ಕೆಳಗಿನ ಸ್ವರದಿಂದ ಬಿಕ್ಕುತ್ತಾ ಮೇಲೇರಿ, ಗಕ್ಕನೆ ಉಸಿರು ಎಳೆದು, ಮೆಲ್ಲಗೆ ಇಳಿಯುವ ಜಾರು. ಐದೂ ತಂಡದವರು ಅವನನ್ನು ಹುಡುಕಿಕೊಂಡು ಬರುತ್ತಿದ್ದುದೇ ಅದಕ್ಕೆ. ಸಾಹುಕಾರ ಕುರ್ಚಿಯಿಂದ ಎದ್ದೇಬಿಟ್ಟ. "ಇನ್ನೊಂದ್ಸಲ! ಎಲ್ಲಾ ಸ್ವರಕ್ಕೂ ಹಿಂಗೇ!" ಪೀಪಣ್ಣ ಉಬ್ಬಿಹೋದ. ಸಂಜೆಯವರೆಗೂ ಊದಿ, ಹೊರಡುವಾಗ ಸಾಹುಕಾರ ನೀಡಿದ ಕಾಗದಕ್ಕೆ ಓದದೆ ರುಜು ಹಾಕಿದ.

ಆಮೇಲೆ ಒಬ್ಬೊಬ್ಬರೇ ಕರೆಯುವುದು ಬಿಟ್ಟರು. ಒಂದು ದಿನ ತರಕಾರಿ ತರಲು ಹೋದವನು ರಸ್ತೆಯಾಚೆ ಡಾನ್ಸ್ ಪಾರ್ಟಿಯ ಹಾಡು ಕೇಳಿ ನಿಂತುಬಿಟ್ಟ. ಅವನದೇ ಜಾರು. ಅವನು ಉಸಿರೆಳೆದ ಸದ್ದೂ ಅದರಲ್ಲಿತ್ತು. ಕ್ಲಾರಿನೆಟ್ಟು ಮಾತ್ರ ಮನೆಯ ಪೆಟ್ಟಿಗೆಯಲ್ಲಿತ್ತು. ಅಲ್ಲಿ ಯಾರೋ ಕೀಬೋರ್ಡಿನ ಕೀಲಿ ಒತ್ತುತ್ತಿದ್ದ; ಒತ್ತಿದಾಗಲೆಲ್ಲ ಸ್ಟುಡಿಯೋದಲ್ಲಿ ಇವನು ಊದಿಕೊಟ್ಟ ಸ್ವರವೇ ಹೊರಡುತ್ತಿತ್ತು.

ಕೈಚೀಲ ಹಿಡಿದುಕೊಂಡೇ ಸ್ಟುಡಿಯೋಗೆ ಓಡಿದ. ಸಾಹುಕಾರ ಕಾಗದ ತೆಗೆದು ಮುಂದಿಟ್ಟ.

"ರುಜು ನಿಮ್ಮದೇ ತಾನೇ?"

"ಮೈಕ್ ಪರೀಕ್ಷೆಗೆ ಅಂದಿದ್ರಲ್ಲ ಸಾರ್?"

"ಪರೀಕ್ಷೇಲಿ ಪಾಸಾಯ್ತು, ಎಲ್ರಿಗೂ ಮಾರ್ದೆ. ಸ್ವರ ಏನು ನಿಮ್ಮಪ್ಪನ ಮನೆ ಆಸ್ತೀನಾ?"

ದರೋಡೆ ಮಾಡಿದವನ ಕೈಯಲ್ಲಿ ಕಾಗದ, ಕಳೆದುಕೊಂಡವನ ಕೈಯಲ್ಲಿ ತರಕಾರಿ ಚೀಲ.

ಇವತ್ತು ಬಿಳಿ ಕೋಟು ತೊಟ್ಟು ಹೋಟೆಲಿಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ತಂಡ ನಡೆಸುವ ಕೀಬೋರ್ಡಿನವನು ಅವನನ್ನು ಪಕ್ಕಕ್ಕೆ ಕರೆದ. ಒಳ್ಳೆಯವನೇ, ಆದರೆ ಇವತ್ತು ಮುಖ ಕೊಟ್ಟು ಮಾತಾಡಲಿಲ್ಲ.

"ಅಣ್ಣ, ಊದೋದು ಬೇಡ. ಸುಮ್ನೆ ಬಾಯಿಗಿಟ್ಕೊಂಡು ಬೆರಳಾಡಿಸು. ನಿನ್ನ ಸ್ವರ ಎಲ್ಲ ಈ ಕೀಬೋರ್ಡಲ್ಲೇ ಇದೆ."

"ಮತ್ತೆ ನನ್ನ ಯಾಕೋ ಕರೆಸ್ದೆ?"

"ಗಿರಾಕಿಗಳ ಕಣ್ಣಿಗೆ ಮನುಷ್ಯ ಕಾಣ್ಬೇಕಂತೆ. ಮ್ಯಾನೇಜರ್ ಹೇಳಿದ್ರು."

"ಜೀವಂತ ಇದೀನಿ, ನಾನೇ ಊದ್ತೀನಲ್ಲೋ!"

"ಮಿಷನ್ನಿಗೆ ಸುಸ್ತಾಗಲ್ಲ, ಅದು ತಪ್ಪು ಮಾಡಲ್ಲ ಅಂತಾರೆ. ನಾಳೆ ನನ್ನ ಗತೀನೂ ಇದೇ ಅಣ್ಣ. ನಾನೇನ್ ಮಾಡ್ಲಿ ಹೇಳು?"

ತಿರುಗಿ ಹೊರಟುಬಿಡಬೇಕೆನಿಸಿತು. ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು? ಹೋಗಿ ತನ್ನ ಕುರ್ಚಿಯಲ್ಲಿ ಕೂತ.

ಹಾಡು ಶುರುವಾಯಿತು. ಬೆರಳಾಡಿಸಿದ. ಜಾರು ಬಂದಾಗ, ಆ ಉಸಿರೆಳೆದ ಸದ್ದು ಕೇಳಿದಾಗ, ಅವನಿಗೆ ತನ್ನ ಹೆಣವನ್ನು ತಾನೇ ಕಾಯುತ್ತಾ ಕೂತ ಹಾಗಾಯಿತು. ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಈಗಾದರೂ ಯಾರಾದರೂ ನೋಡಲಿ ಎಂದು ಎದುರಿಗೆ ಕೂತವರನ್ನೆಲ್ಲ ನೋಡಿದ.

"ಬಾಯಿಗಿಟ್ಕೊಳ್ಳಣ್ಣ, ಕೈ ಮುಗೀತೀನಿ," ಎಂದು ಕೀಬೋರ್ಡಿನವನು ಪಿಸುಗುಟ್ಟಿದ.

ಪೀಪಣ್ಣ ಇಟ್ಟುಕೊಳ್ಳಲಿಲ್ಲ. ಹಾಡು ಒಂದಿಷ್ಟೂ ಮುಕ್ಕಾಗದೆ ಮುಗಿಯಿತು. ಊಟ ಮುಗಿಸಿದ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಏನ್ ಊದ್ತೀರಿ ಯಜಮಾನ್ರೇ! ಕರುಳು ಹಿಂಡಿಬಿಟ್ರಿ."

"ನಾನು ಊದಲಿಲ್ಲ ಸ್ವಾಮಿ."

ಹಿರಿಯರು ನಕ್ಕರು. "ನೋಡಿ, ದೊಡ್ಡ ಕಲಾವಿದರಿಗೆ ಎಷ್ಟು ವಿನಯ!"

"ವಿನಯ ಅಲ್ಲ ಸ್ವಾಮಿ! ಪೀಪಿ ತೊಡೆ ಮೇಲಿತ್ತು. ಕಣ್ಣಾರೆ ನೋಡ್ಲಿಲ್ವಾ?" ಅವನು ಎದ್ದು ನಿಂತ. ದನಿ ಏರಿತು. "ಎಲ್ರೂ ಕೇಳಿ! ನನ್ನ ಉಸಿರನ್ನ ಕದ್ದು…"

ತಟ್ಟೆ ಚಮಚದ ಸದ್ದು ನಿಂತಿತು. ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಹಾಡು ಶುರುಮಾಡು ಎಂದು ಕೈ ಎತ್ತಿ ಸನ್ನೆ ಮಾಡಿದ. ಕೀಬೋರ್ಡಿನವನು ಕಣ್ಣು ಮುಚ್ಚಿಕೊಂಡು ಮುಂದಿನ ಹಾಡು ಒತ್ತಿದ. ಪೀಪಣ್ಣ ಕತ್ತಿನ ನರ ಉಬ್ಬಿಸಿ ಕೂಗುತ್ತಲೇ ಇದ್ದ. ಸ್ಪೀಕರಿನಿಂದ ಹೊಮ್ಮಿದ ಅವನದೇ ಕ್ಲಾರಿನೆಟ್ಟು ಅವನ ಒಂದು ಮಾತನ್ನೂ ಕೇಳಗೊಡಲಿಲ್ಲ.