ರಾಚಮ್ಮನ ಹೆಸರಿನ ಸೀಸೆ

ಎಲ್ಲಿಂದ ಶುರು ಮಾಡಲಿ? ಸೂಜಿಯಿಂದ ಶುರು ಮಾಡಿದರೆ ಮುಖ ತಿರುಗಿಸುತ್ತೀರಿ. ವಿಟಮಿನ್ನಿನಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ. ಇದು ನಾಲ್ಕನೆಯದು. ನನಗಂತೂ ಸಾಕಾಗಿದೆ ಸ್ವಾಮಿ, ಆದರೂ ಬರೆಯುತ್ತೇನೆ.

೧

೧೯೬೯. ಲೊಕ್ಕನಹಳ್ಳಿ ಸ್ಕೂಲಿನ ಜಗಲಿ. ಬಸುರಿಯರ ರಕ್ತದಲ್ಲಿ ವಿಟಮಿನ್ ಕೊರತೆ ಇದೆಯೋ ಎಂದು ನೋಡುವ ಸರ್ವೆ. ನಾನು ಲ್ಯಾಬ್ ಅಸಿಸ್ಟೆಂಟ್. ರಕ್ತ ಎಳೆಯುವವನೂ ನಾನೇ, ಸೀಸೆಗೆ ಹೆಸರಿನ ಚೀಟಿ ಅಂಟಿಸುವವನೂ ನಾನೇ. ಸೀಸೆಗಳು ಐಸ್ ಪೆಟ್ಟಿಗೆಯಲ್ಲಿ ಮೈಸೂರಿಗೆ ಹೋಗಬೇಕು, ಒಂದೂವರೆ ತಿಂಗಳಿಗೆ ರಿಪೋರ್ಟ್ ಬರಬೇಕು, ಕೊರತೆ ಇದ್ದವರಿಗೆ ಮಾತ್ರ ಮಾತ್ರೆ, ಇಂಜೆಕ್ಷನ್.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಹೊಂಗೆ ಮರ, ನೆರಳು, ತಂಗಾಳಿ ಎಲ್ಲ ಇತ್ತು. ಸುಳ್ಳು. ಬಿಸಿಲಿತ್ತು, ನೊಣ ಇತ್ತು.)

ಮೂವತ್ತು ಸೀಸೆ ತುಂಬಬೇಕು. ಇಪ್ಪತ್ತೊಂಬತ್ತಾಗಿತ್ತು. ಮೂವತ್ತನೆಯವಳು ರಾಚಮ್ಮ, ಆರು ತಿಂಗಳ ಬಸುರಿ. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ, ರಕ್ತವೇ ಇಲ್ಲದವರ ಗುರುತು. ಅಷ್ಟರಲ್ಲಿ ಅವಳ ಅತ್ತೆ ದೊಡ್ಡಬಸಮ್ಮ ನಡುವೆ ಬಂದು ತನ್ನ ತೋಳು ಚಾಚಿದಳು.

"ಬಸ್ರಿ ರಕ್ತ ತೆಗುದ್ರೆ ಮಗೀಗೆ ಏನ್ ಉಳ್ದದು ಸಾ? ನಂದ್ ತಕ್ಕೊಳಿ."

"ನಿಮ್ಮದು ತಗೊಂಡು ಏನು ಮಾಡಲಮ್ಮ?"

"ಒಂದೇ ಮಡ್ಕೇಲಿ ಬೆಂದ ಇಟ್ಟು ಉಣ್ಣೋರು ನಾವು. ರಕ್ತ ಬ್ಯಾರೆ ಬ್ಯಾರೆ ಇದ್ದದಾ?"

ಜೀಪಿನ ಡ್ರೈವರ್ ಹಾರನ್ ಬಾರಿಸುತ್ತಿದ್ದ. ಐಸ್ ಕರಗುತ್ತಿತ್ತು. ಬೆಳಗಿನಿಂದ ನಾನು ಒಂದು ತೊಟ್ಟು ಕಾಫಿ ಕುಡಿದಿರಲಿಲ್ಲ. ಮುದುಕಿಯ ರಕ್ತ ಎಳೆದೆ. ಚೀಟಿಯ ಮೇಲೆ 'ರಾಚಮ್ಮ' ಎಂದು ಬರೆದೆ.

೨

ಎರಡನೆಯ ಡ್ರಾಫ್ಟಿನಲ್ಲಿ ದೊಡ್ಡಬಸಮ್ಮನನ್ನು ಘಟವಾಣಿ ಮಾಡಿದ್ದೆ. ಸೊಸೆಗೆ ಅನ್ನ ಹಾಕದ ಅತ್ತೆ, ಬಾಯಿ ಜೋರು, ಮೂಗಿನಲ್ಲಿ ನತ್ತು. ಓದುಗರಿಗೆ ಇಷ್ಟವಾಗುತ್ತೆ ಅಂತ. ಆಗ ರಾಚಮ್ಮನೇ ಕಾಗದದಿಂದ ತಲೆಯೆತ್ತಿದಳು. (ನನ್ನ ಪಾತ್ರಗಳಿಗೆ ಶಿಸ್ತು ಅನ್ನುವುದೇ ಇಲ್ಲ.)

"ನಮ್ಮತ್ತೆ ಮ್ಯಾಲೆ ಯಾಕ್ ಸಾ ಆಕ್ತೀರಿ? ಸೂಜಿ ಕಂಡ್ರೆ ಗಡಗಡ ನಡುಗೋ ಜೀವ ಅದು. ನಂಗೋಸ್ಕರ ತೋಳ್ ಕೊಡ್ತು."

"ಆದ್ರೆ ಒಂದೇ ಮಡಕೆ ಅಂದಳಲ್ಲಮ್ಮ. ನೀನು ಎಷ್ಟು ಹೊತ್ತಿಗೆ ಉಣ್ಣುತ್ತಿದ್ದೆ?"

"ಎಲ್ರುದೂ ಆದ್ಮ್ಯಾಕೆ. ಸೊಸೇರು ಇನ್ಯಾವಾಗ ಉಂಡಾರು? ಒಂದೊಂದ್ ದಿನ ಸಾರಿರೋದು, ಮುದ್ದೆ ಇರ್ತಿರ್ಲಿಲ್ಲ. ಅತ್ತೆಗೂ ಅಂಗೇ ಆಗಿತ್ತಂತೆ, ಅವ್ರತ್ತೆ ಕಾಲ್ದಲ್ಲಿ. ಅದ್ಕೇನೀಗ? ಚೀಟಿ ಬರ್ದೋರು ಯಾರು, ಅದೇಳಿ."

ಆ ಡ್ರಾಫ್ಟನ್ನೂ ಹರಿದೆ. ಬರೆದವನು ನಾನು. ತಪ್ಪು ನನ್ನದು. ಐದು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ಸುಸ್ತಾಗಿದ್ದೇನೆ.

೩

ಅಂತ್ಯ ಒಂದು: ರಿಪೋರ್ಟ್ ಬರುವ ಮೊದಲೇ ಡಾಕ್ಟರ ಹತ್ತಿರ ಹೋಗಿ, "ಸಾರ್, ಮಿಸ್ಟೇಕ್ ಆಗಿದೆ" ಎಂದು ಒಪ್ಪಿಕೊಂಡೆ. ರಾಚಮ್ಮನಿಗೆ ಮಾತ್ರೆ ಸಿಕ್ಕಿತು.
(ಎಷ್ಟು ಚೆಂದ! ಡಾಕ್ಟರ ಬಾಗಿಲವರೆಗೆ ಹೋಗಿದ್ದು ನಿಜ. ಅವರು ಯಾರಿಗೋ ಬೈಯುತ್ತಿದ್ದರು. ವಾಪಸ್ ಬಂದೆ.)

ಅಂತ್ಯ ಎರಡು: ಹೆರಿಗೆ ಸುಸೂತ್ರವಾಯಿತು, ಗಂಡು ಮಗು, ದೊಡ್ಡಬಸಮ್ಮ ನನಗೆ ಬೆಲ್ಲ ತಂದುಕೊಟ್ಟಳು.
(ಯಾರು ನೋಡಿದ್ದಾರೆ? ಅವಳ ದಿನ ತುಂಬುವ ಮೊದಲೇ ವರ್ಗ ಮಾಡಿಸಿಕೊಂಡು ಯಳಂದೂರಿಗೆ ಓಡಿ ಬಂದವನು ನಾನು.)

ಅಂತ್ಯ ಮೂರು ಬರೆಯಲು ಕೈ ಬರಲಿಲ್ಲ. ನೀವೇ ಊಹಿಸಿ. ಊಹಿಸದಿದ್ದರೆ ಇನ್ನೂ ಒಳ್ಳೆಯದು.

"ಹೋಗಿ ವಿಚಾರಿಸಬಾರದಿತ್ತೇ?" ಅನ್ನುತ್ತೀರಿ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಲೊಕ್ಕನಹಳ್ಳಿ ಕಡೆಯವರು ಎಷ್ಟು ಸಲ ಸಿಕ್ಕಿಲ್ಲ! ಮಳೆ ಹೇಗಾಯಿತು, ಆನೆ ಕಾಟ ಹೇಗಿದೆ, ಎಲ್ಲ ಕೇಳಿದ್ದೇನೆ. ಅದೊಂದು ಕೇಳಲಿಲ್ಲ. ಹೆದರಿಕೆ ಕಣ್ರೀ, ಬರೀ ಹೆದರಿಕೆ.

೪

ನಿಜವಾಗಿ ನಡೆದದ್ದು ಇಷ್ಟೇ. ಮಾತ್ರೆ ಹಂಚುವ ದಿನ ಪಟ್ಟಿ ನನ್ನ ಕೈಯಲ್ಲಿತ್ತು. ರಾಚಮ್ಮನ ಹೆಸರಿನ ಮುಂದೆ 'ಕೊರತೆ ಇಲ್ಲ' ಎಂದಿತ್ತು. ಅವಳು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಓದಿದೆ. "ನೋಡ್ದಾ ಮಗ, ನಾ ಏಳ್ನಿಲ್ವಾ?" ಎಂದು ಅತ್ತೆ ಸೊಸೆಯ ಬೆನ್ನು ಸವರಿದಳು. ಖುಷಿಯಾಗಿ ಮನೆಗೆ ಹೋದರು.

ಆದರೆ ಈ ಕಥೆಯಲ್ಲಿ ನಾನಿನ್ನೂ ಓದಿಲ್ಲ. ಇಲ್ಲಿ ಲೇಖಕ ನಾನು, ಅಷ್ಟಾದರೂ ಅಧಿಕಾರ ಬೇಡವೇ? ಪಟ್ಟಿ ಮಡಚಿ ಜೇಬಿಗೆ ಹಾಕಿದ್ದೇನೆ. ಓದುವವರೆಗೆ ಅವಳು ಮನೆಗೆ ಹೋಗುವಂತಿಲ್ಲ, ಅವಳಿಗೆ ಏನೂ ಆಗುವಂತಿಲ್ಲ. ಪೆನ್ನು ಕೆಳಗಿಡುತ್ತಿದ್ದೇನೆ. ನೀವೂ ಎದ್ದು ಹೋಗಿ.

"ಸಾ," ಅನ್ನುತ್ತಿದ್ದಾಳೆ ರಾಚಮ್ಮ, ಗೋಡೆಗೆ ಕೈ ಊರಿಕೊಂಡು. "ಅದೇನ್ ಬರ್ದಿದ್ದದೋ ಓದ್ಬುಡಿ ಸಾ. ನಿಂತೂ ನಿಂತೂ ಕಾಲು ಊದ್ಕತಾ ಅವೆ."